ಗಡಿ, ಕಾನೂನು ಮತ್ತು ಜನಪದ ಬದುಕು: ಟಾರೆಸ್ ಜಲಸಂಧಿ ಒಡಂಬಡಿಕೆಯ ಒಂದು ಪರಿಶೀಲನೆ

ರಾಷ್ಟ್ರಗಳ ನಡುವಣ ಸಂಬಂಧವನ್ನು ರೂಪಿಸುವ ಕಾನೂನುಗಳು ಸಾಮಾನ್ಯವಾಗಿ ಗಡಿ, ರಕ್ಷಣೆ, ವಾಣಿಜ್ಯ ಹಾಗೂ ಸಂಪನ್ಮೂಲಗಳನ್ನು ಕುರಿತು ಮಾತನಾಡುತ್ತವೆ. ಗಡಿಯ ಎರಡೂ ಬದಿಗಳಲ್ಲಿ ಬಾಳುವ ಜನರ ನಂಟಸ್ತಿಕೆ, ಮದುವೆ, ಹಬ್ಬ, ವಿನಿಮಯಗಳು ಅವುಗಳಲ್ಲಿ ಕಾಣಿಸಿಕೊಳ್ಳುವುದು ವಿರಳ. ಆಸ್ಟ್ರೇಲಿಯಾ ತನ್ನ ನೆರೆಯ ದ್ವೀಪರಾಷ್ಟ್ರವಾದ ಪಪುವಾ ನ್ಯೂಗಿನಿಯೊಡನೆ ಮಾಡಿಕೊಂಡ ಟಾರೆಸ್ ಜಲಸಂಧಿ ಒಡಂಬಡಿಕೆಯು ಈ ಸಾಮಾನ್ಯ ನಿಯಮಕ್ಕೆ ಒಂದು ಅಪವಾದ. ಜನಪದ ಬದುಕನ್ನೇ ಎರಡು ರಾಷ್ಟ್ರಗಳ ಸ್ನೇಹಕ್ಕೆ ಆಧಾರವಾಗಿ ಸ್ವೀಕರಿಸಿದ ದಾಖಲೆ ಇದು. ಆದರೆ ಕಾನೂನು ಸಂಪ್ರದಾಯವನ್ನು ರಕ್ಷಿಸಬೇಕಾದರೆ ಸಂಪ್ರದಾಯವೆಂದರೆ ಯಾವುದು, ಅದರ ವಾರಸುದಾರರು ಯಾರು ಎಂಬುದನ್ನು ಮೊದಲು ನಿರ್ವಚಿಸಬೇಕಾಗುತ್ತದೆ. ಆ ನಿರ್ವಚನದ ಬಲವನ್ನೂ ಮಿತಿಯನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಲಸಂಧಿಯ ಜನಪದ ಲೋಕ

ಆಸ್ಟ್ರೇಲಿಯಾದ ಉತ್ತರ ತುದಿಯಾದ ಕೇಪ್ ಯಾರ್ಕ್ ಮತ್ತು ನ್ಯೂಗಿನಿ ದ್ವೀಪದ ದಕ್ಷಿಣ ಕರಾವಳಿಗಳ ನಡುವೆ ಸುಮಾರು 150 ಕಿಲೋಮೀಟರು ಅಗಲದ ಆಳವಿಲ್ಲದ ಕಡಲಿದೆ. ಇದರಲ್ಲಿ ಇನ್ನೂರಕ್ಕೂ ಹೆಚ್ಚು ದ್ವೀಪಗಳು ಹರಡಿಕೊಂಡಿದ್ದು, ಜನವಸತಿ ಇರುವವು ಕೆಲವು ಮಾತ್ರ. ಭೂಪಟದಲ್ಲಿ ಎರಡು ನೆಲಗಳನ್ನು ಬೇರ್ಪಡಿಸುವಂತೆ ಕಾಣುವ ಈ ನೀರು ಅಲ್ಲಿನ ಜನರಿಗೆ ಹಾದಿಯಾಗಿತ್ತು. ಫ್ಲೈ ನದಿಯ ಮುಖಜಭೂಮಿಯ ಹೆಮ್ಮರಗಳಲ್ಲಿ ಕೊರೆದ ದೋಣಿಗಳು ಕೈಯಿಂದ ಕೈಗೆ ದಾಟಿ ದಕ್ಷಿಣದ ದ್ವೀಪಗಳನ್ನು ತಲುಪುತ್ತಿದ್ದವು. ಮದ್ದಳೆಗಳು ಹಾಗೂ ಹಕ್ಕಿಗರಿಗಳು ಉತ್ತರದಿಂದ ಬರುತ್ತಿದ್ದವು. ಚಿಪ್ಪು, ಶಂಖಗಳು ದಕ್ಷಿಣದಿಂದ ಹೋಗುತ್ತಿದ್ದವು.

ಭಾಷೆಯೂ ಇದೇ ಕಥೆಯನ್ನು ಹೇಳುತ್ತದೆ. ಪೂರ್ವದ ದ್ವೀಪಗಳ ಮೆರಿಯಮ್ ಮಿರ್ ಭಾಷೆಯು ನ್ಯೂಗಿನಿಯ ಕರಾವಳಿಯ ಭಾಷೆಗಳ ಬಳಗಕ್ಕೆ ಸೇರಿದರೆ, ಪಶ್ಚಿಮದ ದ್ವೀಪಗಳ ಕಲಾ ಲಗಾವ್ ಯಾ ಆಸ್ಟ್ರೇಲಿಯಾದ ಮೂಲಭಾಷೆಗಳ ಬಳಗಕ್ಕೆ ಸೇರಿದೆ. ಎ. ಸಿ. ಹ್ಯಾಡನ್ ಅವರ ನೇತೃತ್ವದಲ್ಲಿ 1898ರಲ್ಲಿ ಇಲ್ಲಿಗೆ ಬಂದ ಕೇಂಬ್ರಿಜ್ ಮಾನವಶಾಸ್ತ್ರೀಯ ತಂಡವು ಇಲ್ಲಿನ ಕಥೆ, ಕುಣಿತ, ದಾರದಾಟ, ಹಾಡುಗಳನ್ನು ದಾಖಲಿಸಿತು. ಕ್ಷೇತ್ರಕಾರ್ಯದಲ್ಲಿ ಚಲನಚಿತ್ರವನ್ನು ಬಳಸಿದ ಮೊದಲ ನಿದರ್ಶನಗಳಲ್ಲಿ ಇದು ಒಂದು.

ಗಡಿಯ ಪ್ರಶ್ನೆ

ಕ್ವೀನ್ಸ್‌ಲ್ಯಾಂಡ್ ವಸಾಹತು 1879ರ ಕಾನೂನಿನ ಮೂಲಕ ತನ್ನ ಎಲ್ಲೆಯನ್ನು ನ್ಯೂಗಿನಿಯ ದಡದ ಸಮೀಪದವರೆಗೂ ವಿಸ್ತರಿಸಿತು. ಅದರ ಫಲವಾಗಿ ಬೊಯ್ಗು, ಡೌವನ್, ಸೈಬೈ ದ್ವೀಪಗಳು ಆಸ್ಟ್ರೇಲಿಯಾಕ್ಕೆ ಸೇರಿದವು. ಸೈಬೈಯಿಂದ ನ್ಯೂಗಿನಿಯ ದಡ ನಾಲ್ಕೈದು ಕಿಲೋಮೀಟರು ಮಾತ್ರ. ಪಪುವಾ ಪ್ರದೇಶವೂ ಆಸ್ಟ್ರೇಲಿಯಾದ ಆಡಳಿತದಲ್ಲಿದ್ದಷ್ಟು ಕಾಲ ಈ ರೇಖೆ ಜನಜೀವನವನ್ನು ಹೆಚ್ಚು ಬಾಧಿಸಲಿಲ್ಲ. ಪಪುವಾ ನ್ಯೂಗಿನಿ 1975ರಲ್ಲಿ ಸ್ವತಂತ್ರವಾಗುವ ಹೊತ್ತಿಗೆ ಅದು ಅಂತಾರಾಷ್ಟ್ರೀಯ ಗಡಿಯ ಪ್ರಶ್ನೆಯಾಗಿ ಮಾರ್ಪಟ್ಟಿತು. ಗಡಿಯನ್ನು ದಕ್ಷಿಣಕ್ಕೆ ಸರಿಸಬೇಕೆಂಬುದು ಹೊಸ ರಾಷ್ಟ್ರದ ಬೇಡಿಕೆ. ಸರಿಸಕೂಡದೆಂಬುದು ದ್ವೀಪವಾಸಿಗಳ ಚಳವಳಿಯ ನಿಲುವು.

1978ರ ಡಿಸೆಂಬರ್ 18ರಂದು ಸಹಿಯಾದ ಒಡಂಬಡಿಕೆಯು ಒಂದೇ ಗೆರೆಯನ್ನು ಎಳೆಯುವ ಹಟವನ್ನು ಕೈಬಿಟ್ಟಿತು. ಕಡಲತಳಕ್ಕೆ ಒಂದು ರೇಖೆ, ಮೀನುಗಾರಿಕೆಗೆ ಇನ್ನೊಂದು ರೇಖೆ. ಬೊಯ್ಗು, ಡೌವನ್, ಸೈಬೈಗಳು ಕಡಲತಳದ ರೇಖೆಯಿಂದ ಉತ್ತರಕ್ಕಿದ್ದರೂ ಆಸ್ಟ್ರೇಲಿಯಾದಲ್ಲೇ ಉಳಿದವು. ಮೀನುಗಾರಿಕೆಯ ರೇಖೆ ಅವುಗಳನ್ನು ಬಳಸಿಕೊಂಡು ಉತ್ತರಕ್ಕೆ ಸಾಗಿತು. ಇದರೊಂದಿಗೆ ಒಂದು ಸಂರಕ್ಷಿತ ವಲಯವನ್ನೂ ಗುರುತಿಸಲಾಯಿತು. ಆಸ್ಟ್ರೇಲಿಯಾದ ಸಂಸತ್ತು 1984ರಲ್ಲಿ ಟಾರೆಸ್ ಜಲಸಂಧಿ ಮೀನುಗಾರಿಕೆ ಅಧಿನಿಯಮವನ್ನು ರೂಪಿಸಿತು. 1985ರ ಫೆಬ್ರವರಿ 15ರಂದು ಒಡಂಬಡಿಕೆ ಜಾರಿಗೆ ಬಂದಿತು.

ಕಾನೂನು ಕಂಡ ಸಂಪ್ರದಾಯ

ಸಂರಕ್ಷಿತ ವಲಯದ ಪ್ರಧಾನ ಉದ್ದೇಶವೇ ಸಾಂಪ್ರದಾಯಿಕ ನಿವಾಸಿಗಳ ಜೀವನಕ್ರಮ ಹಾಗೂ ಜೀವನೋಪಾಯಗಳನ್ನು ಮನ್ನಿಸಿ ಕಾಪಾಡುವುದು ಎಂದು ಒಡಂಬಡಿಕೆಯ ಹತ್ತನೆಯ ವಿಧಿ ಸಾರುತ್ತದೆ. ಈ ನಿವಾಸಿಗಳು ಸಾಂಪ್ರದಾಯಿಕ ಕಾರ್ಯಗಳಿಗಾಗಿ ಪಾಸ್‌ಪೋರ್ಟ್, ವೀಸಾಗಳಿಲ್ಲದೆ ವಲಯದೊಳಗೆ ಆಚೀಚೆ ಹೋಗಿ ಬರಬಹುದು. ಆತಿಥೇಯ ಊರಿಗೆ ಮುಂಚಿತವಾಗಿ ತಿಳಿಸಿ, ತಮ್ಮೂರಿನ ಪ್ರತಿನಿಧಿ ಕೊಟ್ಟ ಚೀಟಿಯನ್ನು ಒಯ್ದರೆ ಸಾಕು. ಹೇಳಿ ಕಳುಹಿಸಿ ನಂಟರ ಮನೆಗೆ ಹೋಗುವ ಹಳೆಯ ಮರ್ಯಾದೆಗೆ ರಾಜ್ಯಶಕ್ತಿ ಇಲ್ಲಿ ಆಡಳಿತದ ರೂಪ ಕೊಟ್ಟಿದೆ.

ಸಾಂಪ್ರದಾಯಿಕ ಕಾರ್ಯಗಳ ವ್ಯಾಪ್ತಿಯಂತೂ ಜಾನಪದ ವಿದ್ವಾಂಸರ ಗಮನವನ್ನು ಸೆಳೆಯುವಂಥದು. ಕೃಷಿ, ಬೇಟೆ, ಮೀನುಗಾರಿಕೆಗಳ ಜೊತೆಗೆ ಧಾರ್ಮಿಕ ಹಾಗೂ ಲೌಕಿಕ ಆಚರಣೆಗಳು, ಮದುವೆಯ ಸಂಭ್ರಮ, ವ್ಯಾಜ್ಯ ತೀರ್ಮಾನ, ವಸ್ತುವಿನಿಮಯ, ಸಂತೆ ವ್ಯಾಪಾರಗಳೂ ಇದರಲ್ಲಿ ಸೇರಿವೆ. ವಾಣಿಜ್ಯ ಸ್ವರೂಪದ ಚಟುವಟಿಕೆಗಳನ್ನು ಬಿಟ್ಟು ಉಳಿದೆಡೆ ‘ಸಾಂಪ್ರದಾಯಿಕ’ ಎಂಬ ಪದವನ್ನು ಉದಾರವಾಗಿ, ಆಯಾ ಕಾಲದಲ್ಲಿ ರೂಢಿಯಲ್ಲಿರುವ ಪದ್ಧತಿಯ ಬೆಳಕಿನಲ್ಲಿ ಅರ್ಥೈಸಬೇಕೆಂದೂ ಒಡಂಬಡಿಕೆ ವಿಧಿಸುತ್ತದೆ. ಸಂಪ್ರದಾಯವು ಹಿಂದೆಂದೋ ಹೆಪ್ಪುಗಟ್ಟಿದ ವಸ್ತುವಲ್ಲ, ಬದಲಾಗುತ್ತ ಬಾಳುವ ಪ್ರಕ್ರಿಯೆ ಎಂಬ ಜಾನಪದ ಅಧ್ಯಯನದ ತಿಳಿವಳಿಕೆಯನ್ನು ಇದು ಹೋಲುತ್ತದೆ. ಹಾಯಿದೋಣಿಯ ಜಾಗದಲ್ಲಿ ಯಂತ್ರದ ದೋಣಿ ಬಂದ ಮಾತ್ರಕ್ಕೆ ಪಯಣದ ಸಾಂಪ್ರದಾಯಿಕತೆ ಅಳಿಯುವುದಿಲ್ಲ.

ನಿರ್ವಚನದ ಮಿತಿಗಳು

ಹಾಗಿದ್ದರೂ ನಿರ್ವಚನವೆಂಬುದು ಕೆಲವರನ್ನು ಒಳಗೊಳ್ಳುವಾಗಲೇ ಕೆಲವರನ್ನು ಹೊರಗಿಡುತ್ತದೆ. ಪಪುವಾ ನ್ಯೂಗಿನಿಯ ಕಡೆಯಲ್ಲಿ ಮುಕ್ತ ಸಂಚಾರದ ಹಕ್ಕು ಕರಾವಳಿಯ 13 ಊರುಗಳಿಗೆ ಸೀಮಿತವಾಯಿತು. ನಂಟಸ್ತಿಕೆಯಾದರೋ ಊರುಗಳ ಪಟ್ಟಿಯನ್ನು ಅನುಸರಿಸಿ ಬೆಳೆಯುವಂಥದಲ್ಲ. ಒಂದೇ ಕುಲದ ಒಬ್ಬನು ಪಟ್ಟಿಯೊಳಗಿನ ಊರಿನಲ್ಲಿಯೂ ಇನ್ನೊಬ್ಬನು ಹೊರಗಿನ ಊರಿನಲ್ಲಿಯೂ ನೆಲೆಸಿದ್ದರೆ, ಸಾವಿನ ಮನೆಗೆ ಒಬ್ಬನು ಅತಿಥಿಯಾಗಿ ಬರುತ್ತಾನೆ. ಇನ್ನೊಬ್ಬನು ಅಕ್ರಮ ಪ್ರವೇಶದ ಅಪರಾಧಿಯಾಗುತ್ತಾನೆ.

ಎರಡನೆಯ ಮಿತಿ ವಾಣಿಜ್ಯವನ್ನು ಕುರಿತದ್ದು. ವಿನಿಮಯಕ್ಕೆ ಒಡಂಬಡಿಕೆಯ ಸಮ್ಮತಿಯಿದೆ. ವಾಣಿಜ್ಯಕ್ಕೆ ಅದೇ ಸಮ್ಮತಿಯಿಲ್ಲ. ದೋಣಿಗಾಗಿ ಚಿಪ್ಪನ್ನು ಕೊಟ್ಟು ತಲೆಮಾರುಗಳ ಕಾಲ ವ್ಯವಹರಿಸಿದ ಜನರಿಗೆ ಇವೆರಡರ ನಡುವಣ ಗೆರೆ ಅಷ್ಟು ಸ್ಪಷ್ಟವಲ್ಲ. ಆಸ್ಟ್ರೇಲಿಯಾದ ಅತ್ಯುಚ್ಚ ನ್ಯಾಯಾಲಯವು 2013ರ ಅಕಿಬಾ ಪ್ರಕರಣದಲ್ಲಿ, ಕಡಲ ಸಂಪತ್ತನ್ನು ಮಾರಾಟಕ್ಕಾಗಿಯೂ ಪಡೆಯುವ ದ್ವೀಪವಾಸಿಗಳ ಮೂಲಹಕ್ಕು ಪರವಾನಗಿ ಕಾನೂನುಗಳಿಂದ ಅಳಿದಿಲ್ಲವೆಂದು ತೀರ್ಪಿತ್ತಿತು. ಆದರೆ ಅದೇ ತೀರ್ಪು, ಪರಸ್ಪರ ಗೆಳೆತನ ಮತ್ತು ನಂಟಿನ ಬಲದಿಂದ ಇನ್ನೊಬ್ಬರ ನೀರಿನಲ್ಲಿ ದೊರೆಯುವ ಅವಕಾಶವನ್ನು ನೆಲಜಲದ ಹಕ್ಕೆಂದು ಒಪ್ಪಲಿಲ್ಲ. ಒಡೆತನದ ಭಾಷೆ ನ್ಯಾಯಾಲಯಕ್ಕೆ ತಿಳಿಯಿತು; ನಂಟಿನ ಭಾಷೆ ಅದರ ಚೌಕಟ್ಟಿಗೆ ಒಗ್ಗಲಿಲ್ಲ.

ಮೂರನೆಯದಾಗಿ, ಈ ಸ್ವಾತಂತ್ರ್ಯವನ್ನು ಸರ್ಕಾರ ತಡೆಹಿಡಿಯಬಹುದು. ರೋಗಭಯವಿದ್ದಾಗ ಸಂಚಾರವನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲು ಒಡಂಬಡಿಕೆಯಲ್ಲೇ ಅವಕಾಶವಿದೆ. ಕೋವಿಡ್ ಸಾಂಕ್ರಾಮಿಕದ ಕಾರಣ 2020ರಲ್ಲಿ ನಿಂತ ಸಂಚಾರ 2022ರವರೆಗೂ ಪುನರಾರಂಭವಾಗಲಿಲ್ಲ. ಕಾರಣ ನ್ಯಾಯವಾದುದೇ, ಆದರೆ ಆ ಅವಧಿಯಲ್ಲಿ ನಡೆದ ಮದುವೆ, ತಿಥಿಗಳಿಗೆ ಎದುರು ದಡದ ನಂಟರು ಬರಲಾಗದೆ ಉಳಿದರು.

ಪಾಕ್ ಜಲಸಂಧಿಯೊಡನೆ ಹೋಲಿಕೆ

ಭಾರತದ ನೆರೆಯಲ್ಲಿಯೂ ಇಂಥದೊಂದು ನಿದರ್ಶನವಿದೆ. ಭಾರತ ಮತ್ತು ಶ್ರೀಲಂಕಾಗಳ ನಡುವಣ 1974ರ ಒಪ್ಪಂದದಂತೆ ಕಚ್ಚತೀವು ಶ್ರೀಲಂಕಾದ ಪಾಲಾಯಿತು. ಭಾರತದ ಮೀನುಗಾರರೂ ಯಾತ್ರಿಕರೂ ಹಿಂದಿನಂತೆಯೇ ಅಲ್ಲಿಗೆ ಹೋಗಬಹುದು, ಅದಕ್ಕೆ ಪ್ರಯಾಣಪತ್ರವಾಗಲಿ ವೀಸಾವಾಗಲಿ ಬೇಡ ಎಂದು ಅದರ ಐದನೆಯ ವಿಧಿ ಹೇಳುತ್ತದೆ. ಆದರೆ ‘ಹಿಂದಿನಂತೆ’ ಎಂದರೆ ಏನೇನು ಎಂಬ ವಿವರ ಅಲ್ಲಿಲ್ಲ. 1976ರ ಪತ್ರವಿನಿಮಯದಲ್ಲಿ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಬಾರದೆಂದಾಯಿತು. ಸಂತ ಅಂತೋಣಿಯವರ ಹಬ್ಬಕ್ಕೆ ಯಾತ್ರಿಕರ ದಾರಿ ಉಳಿಯಿತು, ಮೀನುಗಾರಿಕೆ ವಿವಾದವಾಯಿತು. ಜನಪದರ ಬದುಕಿನಲ್ಲಿ ಒಂದಾಗಿದ್ದ ಹರಕೆ ಮತ್ತು ಬಲೆಗಳನ್ನು ಕಾನೂನು ಬೇರೆ ಮಾಡಿತು.

ಟಾರೆಸ್ ಒಡಂಬಡಿಕೆಯ ಹಿರಿಮೆ ಈ ಹೋಲಿಕೆಯಲ್ಲಿ ಸ್ಪಷ್ಟವಾಗುತ್ತದೆ. ಅದು ಸಂಪ್ರದಾಯವನ್ನು ಹೆಸರಿಸಿತು, ಅರ್ಥವಿವರಣೆಯಲ್ಲಿ ಉದಾರತೆಯನ್ನು ಕಡ್ಡಾಯಗೊಳಿಸಿತು, ಸ್ಥಳೀಯರ ಮಾತನ್ನು ಆಲಿಸಲು ಜಂಟಿ ಸಲಹಾ ಮಂಡಳಿಯನ್ನು ಸ್ಥಾಪಿಸಿತು.

ಸಮಾರೋಪ

ನೆರೆಯ ರಾಷ್ಟ್ರಗಳ ಸ್ನೇಹ ರಾಜಧಾನಿಗಳಲ್ಲಿ ಸಹಿಯಾದರೂ ಅದು ಉಳಿಯುವುದು ದಡದ ಊರುಗಳಲ್ಲಿ. ಕಾನೂನು ಆ ನಂಟನ್ನು ಹುಟ್ಟಿಸಲಾರದು. ಅದಕ್ಕೆ ಅಡ್ಡಿಯಾಗದಂತೆ ಇರಬಲ್ಲದು ಅಥವಾ ಅದನ್ನು ತುಂಡರಿಸಬಲ್ಲದು. ಟಾರೆಸ್ ಜಲಸಂಧಿಯ ಒಡಂಬಡಿಕೆ ಬಹುಮಟ್ಟಿಗೆ ಮೊದಲನೆಯ ದಾರಿಯನ್ನು ಹಿಡಿಯಿತು. ಅದರ ಕೊರತೆಗಳು ತೋರುವುದೂ ನಿರ್ವಚನ ಜನಜೀವನಕ್ಕಿಂತ ಕಿರಿದಾದ ಎಡೆಗಳಲ್ಲಿಯೇ. ಆದ್ದರಿಂದ ಇಂತಹ ಕಾನೂನುಗಳನ್ನು ರಚಿಸುವಲ್ಲಿ ಗಡಿತಜ್ಞರ ನಕ್ಷೆಗಳಷ್ಟೇ ಜನಪದರ ವಂಶಾವಳಿ, ಹಬ್ಬದ ಪಂಚಾಂಗ ಮತ್ತು ವಿನಿಮಯದ ಹಾದಿಗಳ ಅರಿವೂ ಅಗತ್ಯ.