ನೆಟ್‌ವರ್ಕಿಂಗ್ ಕಲಿಯುವಿರಾ? ಮೊದಲು ಲ್ಯಾಬ್ ನೋಡಿ

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೇಲೆ ಬಂದವರ ಊರು ನಮ್ಮ ಮುಂಬಯಿ. ಈಗ ಮಕ್ಕಳು ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಯುತ್ತೇವೆ ಎನ್ನುತ್ತಾರೆ. ದಾರಿಗಳು ಹೀಗಿವೆ: ಹತ್ತನೆಯ ತರಗತಿ ಪಾಸಾದವರಿಗೆ ಐಟಿಐಯ 1 ವರ್ಷದ ಹಾರ್ಡ್‌ವೇರ್-ನೆಟ್‌ವರ್ಕ್ ಕೋರ್ಸು, ಪದವಿ ಬೇಕಿದ್ದರೆ ಬಿ.ಎಸ್ಸಿ. ಐಟಿ. ಸಿಸ್ಕೋ ಕಂಪನಿಯ ಸಿಸಿಎನ್‌ಎ ಪರೀಕ್ಷೆಗೆ ಪದವಿಯ ಷರತ್ತಿಲ್ಲ. ಆದರೆ ಆ ಸರ್ಟಿಫಿಕೇಟಿನ ಆಯುಸ್ಸು 3 ವರ್ಷ, ಆಮೇಲೆ ನವೀಕರಿಸಬೇಕು.

ಫೀಸು ಕಟ್ಟುವ ಮೊದಲು ಲ್ಯಾಬ್ ನೋಡಿ. ಕೇಬಲ್, ರೂಟರ್ ಮಕ್ಕಳ ಕೈಗೆ ಕೊಡುತ್ತಾರೆಯೇ ಎಂದು ಕೇಳಿ. ನೆಟ್ ನಿಂತರೆ ಮೊದಲು ಕೇಬಲ್, ಆಮೇಲೆ ರೂಟರ್, ಕೊನೆಗೆ ಹೊರಗಿನ ಲೈನು. ಈ ಕ್ರಮ ಮಾಡಿ ಮಾಡಿಯೇ ಬರಬೇಕು. ಜೊತೆಗೆ, ಗಾಬರಿಯಾದ ಗಿರಾಕಿಗೆ ಅವರ ಮಾತಿನಲ್ಲೇ ತಿಳಿಹೇಳಬೇಕು. ಕನ್ನಡ, ತುಳು, ಮರಾಠಿ, ಹಿಂದಿ ಕೇಳುತ್ತಲೇ ಬೆಳೆದ ನಮ್ಮ ಮಕ್ಕಳಿಗೆ ಆ ಬಂಡವಾಳ ಮನೆಯಲ್ಲೇ ಇದೆ!