ಕಾಫಿ ಸೀಮೆಯಲ್ಲಿ ಉಳಿದ ಕೆಲವು ಆಂಗ್ಲ ಮತ್ತು ಕೆಲ್ಟಿಕ್ ನಾಮಗಳು

ಬಾಳೂರು, ಮೂಡಿಗೆರೆ, ಕಳಸಗಳ ಬೆಟ್ಟಸಾಲಿನಲ್ಲಿ ಕಾಫಿ ತಳಿಗಳ ಮಾತೆತ್ತಿದರೆ ‘ಕೆಂಟ್ಸ್’ ಎಂಬ ಹೆಸರು ಬಾರದಿರುವುದಿಲ್ಲ. ಮೈಸೂರು ಸೀಮೆಯಲ್ಲಿ ತೋಟಗಾರರಾಗಿದ್ದ ಎಲ್. ಪಿ. ಕೆಂಟ್ ಎಂಬವರು 1911ರಲ್ಲಿ, ಎಲೆತುಕ್ಕು ರೋಗಕ್ಕೆ ಜಗ್ಗದೆ ನಿಂತ ಅರೇಬಿಕಾ ಗಿಡವೊಂದನ್ನು ಗುರುತಿಸಿದರು. ಅದರ ಸಂತಾನಕ್ಕೆ ಅವರ ಹೆಸರೇ ನಿಂತಿತು. ಬಾಳೆಹೊನ್ನೂರಿನ ಸಂಶೋಧನ ಕೇಂದ್ರವು ಮುಂದೆ ಸಿದ್ಧಪಡಿಸಿದ ಎಸ್. 795 ತಳಿಗೂ ಕೆಂಟ್ಸ್ ಒಂದು ಮೂಲ.

ಈ ಹೆಸರು ಅಪ್ಪಟ ಇಂಗ್ಲಿಷಿನದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಪರಿಶೀಲಿಸಿದರೆ ಹಾಗಲ್ಲ. ಕೆಂಟ್ ಎಂಬುದು ಇಂಗ್ಲೆಂಡಿನ ಆಗ್ನೇಯ ಮೂಲೆಯ ಸೀಮೆ. ವ್ಯಕ್ತಿನಾಮವು ಆ ಸ್ಥಳನಾಮದಿಂದ ಬಂದುದು. ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ಜೂಲಿಯಸ್ ಸೀಸರನು ಇದನ್ನು ‘ಕ್ಯಾಂಟಿಯಮ್’ ಎಂದು ಬರೆದಿದ್ದಾನೆ. ಆಂಗ್ಲೋ-ಸ್ಯಾಕ್ಸನರು ಆ ದ್ವೀಪದಲ್ಲಿ ನೆಲೆಸಿದುದು 5ನೆಯ ಶತಮಾನದಲ್ಲಿ. ಅಂದಮೇಲೆ ಹೆಸರು ಅವರದಾಗಿರಲು ಸಾಧ್ಯವಿಲ್ಲ. ಅವರಿಗಿಂತ ಮೊದಲಿನ ಕೆಲ್ಟಿಕ್ ಜನರದು. ಅಂಚು, ಎಲ್ಲೆ ಎಂಬ ಅರ್ಥದ ಕೆಲ್ಟಿಕ್ ಧಾತುವಿಗೆ ವಿದ್ವಾಂಸರು ಇದನ್ನು ಜೋಡಿಸುತ್ತಾರೆ. ಕಡಲಂಚಿನ ನಾಡಿಗೆ ಅದು ಒಪ್ಪುವ ಹೆಸರೇ ಸರಿ. ಜನ ಬದಲಾದರು, ನುಡಿ ಬದಲಾಯಿತು, ನೆಲದ ಹೆಸರು ಮಾತ್ರ ಬದಲಾಗಲಿಲ್ಲ. ಕನ್ನಡದ ವಾಚಕರಿಗೆ ಈ ವಿಚಾರ ಹೊಸತಲ್ಲ. ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ಯಲ್ಲಿ ಹಿಡಿದ ದಾರಿಯೂ ಇಂಥದೇ: ಇಂದು ಬೇರೆ ನುಡಿಯಾಡುವ ನೆಲದಲ್ಲಿಯೂ ಊರಿನ ಹೆಸರುಗಳು ಹಿಂದಿನವರ ನುಡಿಗೆ ಸಾಕ್ಷಿಯಾಗಿರುತ್ತವೆ.

ಕಿವಿಗೆ ಕೇಳಿದ ಸಾಮ್ಯವನ್ನೇ ನಂಬಿ ಅರ್ಥ ಹೇಳುವುದು ಎಷ್ಟು ಅಪಾಯವೆಂಬುದಕ್ಕೆ ‘ಕ್ಯಾನನ್’ ಒಳ್ಳೆಯ ನಿದರ್ಶನ. 1830ರಲ್ಲಿ ಚಿಕ್ಕಮಗಳೂರಿನ ದಕ್ಷಿಣದ ಎತ್ತರದ ಸಾಲಿನಲ್ಲಿ ಕಾಫಿ ತೋಟವನ್ನು ಮಾಡಿದ ಮೊದಲ ಐರೋಪ್ಯರು ಕ್ಯಾನನ್ ಎಂಬವರು. ಇಂಗ್ಲಿಷು ಬಲ್ಲವರು ತಟ್ಟನೆ ಫಿರಂಗಿಯನ್ನು ನೆನೆಯುತ್ತಾರೆ. ಆ ಫಿರಂಗಿಗೂ ಈ ಮನೆತನದ ಹೆಸರಿಗೂ ನೇರ ಸಂಬಂಧವಿಲ್ಲ. ಇಂಗ್ಲೆಂಡಿನ ಕ್ಯಾನನರ ಹೆಸರು ಕ್ರೈಸ್ತ ಮಠದ ನಿಯಮಕ್ಕೆ ಒಳಪಟ್ಟ ಪುರೋಹಿತನನ್ನು ಸೂಚಿಸುವ, ಫ್ರೆಂಚಿನ ಮೂಲಕ ಬಂದ ಪದ. ಐರ್ಲೆಂಡಿನ ಕ್ಯಾನನರಲ್ಲಿ ಅನೇಕರದು ‘ಓ ಕನನ್ನಾನ್’ ಎಂಬ ಗೇಲಿಕ್ ಕುಲನಾಮದ ಆಂಗ್ಲೀಕೃತ ರೂಪ. ಅದರ ಮೂಲದಲ್ಲಿರುವುದು ತೋಳದ ಮರಿ! ಬರಿಯ ಅಕ್ಷರವನ್ನು ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಮನೆತನ ಎಲ್ಲಿಯದೆಂಬುದೇ ನಿರ್ಣಾಯಕ. ನಮ್ಮ ಊರುಗಳ ಹೆಸರಿಗೂ ಪ್ರಾಸ ಹುಡುಕಿ ಪುರಾಣ ಕಟ್ಟುವವರು ಇದನ್ನು ಗಮನಿಸಿದರೆ ಒಳಿತು.

ಸಕಲೇಶಪುರದ ಆಸ್ಪತ್ರೆಯ ಹೆಸರಿನಲ್ಲಿ ಉಳಿದಿರುವ ‘ಕ್ರಾಫರ್ಡ್’ ಅಷ್ಟು ತೊಡಕಿನದಲ್ಲ. ಅದು ಸ್ಕಾಟ್ಲೆಂಡಿನ ಒಂದು ಊರು. ಹಳೆಯ ಇಂಗ್ಲಿಷಿನಲ್ಲಿ ಕಾಗೆಗಳ ಕಡವು ಎಂದರ್ಥ. ಹೊಳೆ ದಾಟುವ ಜಾಗಕ್ಕೆ ಅಲ್ಲಿ ಕಂಡ ಹಕ್ಕಿಯ ಹೆಸರು, ಆ ಊರಿನಿಂದ ಬಂದವನಿಗೆ ಊರಿನ ಹೆಸರು. ತಮ್ಮ ಹೆಸರಿನ ಮುಂದೆ ಬಾಳೂರೆಂದೋ ಕಳಸವೆಂದೋ ಬರೆದುಕೊಳ್ಳುವ ನಮ್ಮವರಿಗೆ ಇದರಲ್ಲಿ ವಿವರಿಸುವುದೇನೂ ಇಲ್ಲ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಕೇಂದ್ರ ಸ್ಥಾಪಿತವಾದಾಗ ಮೈಸೂರಿನ ಕೃಷಿ ನಿರ್ದೇಶಕರಾಗಿದ್ದವರು ಕೆನಡಾದ ಡಾ. ಲೆಸ್ಲಿ ಕೋಲ್ಮನ್. ‘ಲೆಸ್ಲಿ’ ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಊರು. ‘ಕೋಲ್ಮನ್’ ಇಂಗ್ಲಿಷಿನಲ್ಲಿ ಇದ್ದಿಲು ಸುಡುವವನಾಗಬಹುದು. ಐರಿಷ್ ಮೂಲದಲ್ಲಾದರೆ ಪಾರಿವಾಳ, ಅದೂ ಲ್ಯಾಟಿನ್ನಿನಿಂದ ಕಡ ತಂದದ್ದು. ಅಡಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಇವರು ಪ್ರಬಂಧವನ್ನು ಪ್ರಕಟಿಸಿದರು. ಆ ವೇಳೆಗೆ ‘ಕೊಳೆರೋಗ’ ಎಂಬ ನಮ್ಮ ಮಾತೇ ಕಡಲು ದಾಟಿ ಬಹುಕಾಲವಾಗಿತ್ತು: ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರಕ್ಕೆ ಎಂ. ಸಿ. ಕುಕ್ ಅವರು 1876ರಲ್ಲಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಶಾಸ್ತ್ರೀಯ ನಾಮವನ್ನಿಟ್ಟಿದ್ದರು. ಮುಂದೆ ಕುಲನಾಮ ಬದಲಾಗಿ ‘ಕಾರ್ಟಿಸಿಯಮ್’ ಆದಾಗಲೂ ಕನ್ನಡದ ಪದವನ್ನು ಕೈಬಿಡಲಿಲ್ಲ.