ಕಪ್ಪು ಬ್ರಾ, ಡಿಯೋಡರೆಂಟ್ ಮತ್ತು ಸ್ತನ ಕ್ಯಾನ್ಸರ್: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಬಿಸಿಲಿನಲ್ಲಿ ಕಪ್ಪು ಬ್ರಾ ಹಾಕಬೇಡಿ, ರಾತ್ರಿ ಬ್ರಾ ಹಾಕಿಕೊಂಡು ಮಲಗಬೇಡಿ, ಬೆವರು ತಡೆಯುವ ಡಿಯೋಡರೆಂಟ್ ಬಳಸಬೇಡಿ, ಬಳಸಿದರೆ ಸ್ತನ ಕ್ಯಾನ್ಸರ್ ಬರುತ್ತದೆ. ಇಂಥದ್ದೊಂದು ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಕೆಳಗೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರ ಹೆಸರು, ಅಕ್ಕತಂಗಿಯರಿಗೆಲ್ಲ ಕಳಿಸಿ ಎಂಬ ಮನವಿ. ಕಳಿಸುವವರ ಕಾಳಜಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಸಂದೇಶದಲ್ಲಿರುವುದು ನಿಜವೇ?

ಬ್ರಾ ಮತ್ತು ಡಿಯೋಡರೆಂಟ್

ಅಮೆರಿಕದ ಸಿಯಾಟಲ್‌ನಲ್ಲಿರುವ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ ಈ ಎರಡನ್ನೂ ಪರೀಕ್ಷಿಸಿದೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 1,500 ಮಹಿಳೆಯರನ್ನು ಕೇಳಲಾಯಿತು: ಯಾವ ವಯಸ್ಸಿನಿಂದ ಬ್ರಾ ಹಾಕುತ್ತಿದ್ದೀರಿ, ದಿನಕ್ಕೆ ಎಷ್ಟು ಗಂಟೆ, ಒಳಗೆ ತಂತಿ ಇದೆಯೇ? ಇದ್ಯಾವುದಕ್ಕೂ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಡಿಯೋಡರೆಂಟ್ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶವೂ ಅದೇ.

ಬೆವರಿನ ಮೂಲಕ ವಿಷ ಹೊರಹೋಗುತ್ತದೆ, ಅದನ್ನು ತಡೆದರೆ ಸ್ತನದಲ್ಲಿ ಶೇಖರವಾಗುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ಬೆವರಿನ ಮುಖ್ಯ ಕೆಲಸ ದೇಹವನ್ನು ತಂಪಾಗಿಡುವುದು. ಬೇಡದ ವಸ್ತುಗಳನ್ನು ಹೊರಹಾಕುವ ಕೆಲಸ ಹೆಚ್ಚಾಗಿ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳದ್ದು. ಸ್ತನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹಾಲಿನ ನಾಳಗಳ ಒಳಪದರದ ಜೀವಕೋಶಗಳಲ್ಲಿ. ಬಟ್ಟೆಯ ಬಣ್ಣ ಅಲ್ಲಿಗೆ ತಲುಪುವುದಿಲ್ಲ.

ಹಾಗಾದರೆ ಅಪಾಯ ಯಾರಿಗೆ?

ಮೊದಲನೆಯದು ಹೆಣ್ಣಾಗಿರುವುದು, ಎರಡನೆಯದು ವಯಸ್ಸಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸ್ತನ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇವೆರಡನ್ನು ಬಿಟ್ಟರೆ ಬೇರೆ ನಿರ್ದಿಷ್ಟ ಕಾರಣವೇ ಇರುವುದಿಲ್ಲ. ಗಂಡಸರಿಗೂ ಇದು ಬರುತ್ತದೆ, ಆದರೆ 100 ರೋಗಿಗಳಲ್ಲಿ ಅವರು ಒಬ್ಬರಿಗಿಂತ ಹೆಚ್ಚಿರುವುದಿಲ್ಲ.

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ನಮಗೇಕೆ ಬರುತ್ತದೆ" ಎನ್ನುವವರು ಬಹಳ. ತಂದೆತಾಯಿಯಿಂದ ಬಂದ ಜೀನ್ ದೋಷದಿಂದಾಗುವ ಸ್ತನ ಕ್ಯಾನ್ಸರ್ ನೂರರಲ್ಲಿ 5ರಿಂದ 10 ಮಾತ್ರ. ಹತ್ತಿರದ ರಕ್ತಸಂಬಂಧಿಗಳಿಗೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ, ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ತಪ್ಪದೇ ಹೇಳಬೇಕು. ಹಾಗೆಂದು ಮನೆಯಲ್ಲಿ ಯಾರಿಗೂ ಇಲ್ಲದಿರುವುದು ರಕ್ಷಾಕವಚವಲ್ಲ.

ನಮ್ಮ ಕೈಯಲ್ಲಿರುವುದು ಏನು?

ಮುಟ್ಟು ನಿಂತ ಮೇಲೆ ತೂಕ ಏರದಂತೆ ನೋಡಿಕೊಳ್ಳುವುದು, ದಿನವೂ ನಡೆಯುವುದು ಅಥವಾ ವ್ಯಾಯಾಮ, ಮದ್ಯದಿಂದ ದೂರವಿರುವುದು, ಹಾರ್ಮೋನ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗದಿರುವುದು. ಇವು ಅಪಾಯವನ್ನು ತಗ್ಗಿಸುತ್ತವೆ. ಮಗುವಿಗೆ ಹಾಲುಣಿಸುವುದೂ ಸಹಕಾರಿ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2002ರ ವಿಶ್ಲೇಷಣೆಯಲ್ಲಿ, ಹಾಲುಣಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು ಇಳಿದದ್ದು ಕಂಡುಬಂತು. ತಗ್ಗುತ್ತದೆ ಎಂದರೆ ಇಲ್ಲವಾಗುತ್ತದೆ ಎಂದಲ್ಲ. ಮೂರು ಮಕ್ಕಳಿಗೆ ಹಾಲುಣಿಸಿದ ತಾಯಿಗೂ ಕ್ಯಾನ್ಸರ್ ಬರಬಹುದು.

ಫಾರ್ವರ್ಡ್ ಹೇಳದೇ ಬಿಟ್ಟದ್ದು

ಇಂಥ ಸಂದೇಶದ ನಿಜವಾದ ತೊಂದರೆ ಇಲ್ಲಿದೆ. ಕಪ್ಪು ಬ್ರಾ ಬಿಟ್ಟವರು ತಾವಿನ್ನು ಸುರಕ್ಷಿತ ಎಂದುಕೊಳ್ಳುತ್ತಾರೆ. ಸ್ನಾನ ಮಾಡುವಾಗ ಕೈಗೆ ಸಿಕ್ಕ ಸಣ್ಣ ಗಂಟು ನೋಯುವುದಿಲ್ಲವೆಂದು ಸುಮ್ಮನಾಗುತ್ತಾರೆ. ಆದರೆ ಆರಂಭದ ಸ್ತನ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ! ನಾಚಿಕೆ, ಖರ್ಚಿನ ಭಯ, ಮಗಳ ಮದುವೆ ಮುಗಿಯಲಿ ಎಂಬ ಲೆಕ್ಕಾಚಾರದಲ್ಲಿ ತಿಂಗಳುಗಳು ಉರುಳುತ್ತವೆ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ಸತ್ತರು. ತಡವಾಗಿ ಆಸ್ಪತ್ರೆಗೆ ಬರುವುದು ಇಷ್ಟು ಸಾವುಗಳಿಗೆ ದೊಡ್ಡ ಕಾರಣ. ಬೇಗ ಸಿಕ್ಕಿದರೆ ಎಷ್ಟೋ ಸಲ ಪೂರ್ತಿ ಸ್ತನ ತೆಗೆಯಬೇಕಾಗಿಯೂ ಇಲ್ಲ.

ತಪಾಸಣೆಗೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ಅಧ್ಯಯನವೊಂದನ್ನು ಆರಂಭಿಸಿತು. ಅವರಲ್ಲಿ ಒಂದು ಗುಂಪಿನವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 20 ವರ್ಷಗಳ ಬಳಿಕ ನೋಡಿದಾಗ, ಆ ಗುಂಪಿನ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಿತ್ತು. ಅದಕ್ಕಿಂತ ಕಿರಿಯರಲ್ಲಿ ಇಷ್ಟು ಸ್ಪಷ್ಟ ಲಾಭ ಕಾಣಲಿಲ್ಲ.

ಸರ್ಕಾರಿ ಕಾರ್ಯಕ್ರಮದಲ್ಲೂ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆಗೆ ಅವಕಾಶವಿದೆ. ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಮ್ಯಾಮೊಗ್ರಫಿ ಯಾವಾಗ ಬೇಕೆಂದು ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಬೇಡಿ. ಗಂಟು ಯಾವ ಬಗೆಯದು, ಯಾವ ಚಿಕಿತ್ಸೆ ಬೇಕು ಎಂಬುದು ತಿಳಿಯುವುದೇ ಅದರಿಂದ.

ಕಳಿಸುವುದಾದರೆ ಇದನ್ನು ಕಳಿಸಿ

"ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಚರ್ಮ ಕಿತ್ತಳೆ ಸಿಪ್ಪೆಯಂತೆ ಆಗುವುದು, ಆಕಾರ ಬದಲಾಗುವುದು. ಇವುಗಳಲ್ಲಿ ಯಾವುದು ಕಂಡರೂ, ನೋವಿಲ್ಲದಿದ್ದರೂ, ಈ ವಾರವೇ ವೈದ್ಯರಿಗೆ ತೋರಿಸಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಅದನ್ನು ವೈದ್ಯರು ಹೇಳಲಿ."